ಒಂದೇ ಅಣುವಿನ ಬೆಳಕು: ತೇಕ್‌ಜಿಪ್ ಹಾ ಅವರ ಸಂಶೋಧನೆಯ ಬಗ್ಗೆ ಎರಡು ಸಂದೇಹಗಳು

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದು, ಸೆಮಿನಾರಿಗಾಗಿ ಕೊರಿಯಾ ಮೂಲದ ಜೀವಭೌತವಿಜ್ಞಾನಿ ತೇಕ್‌ಜಿಪ್ ಹಾ ಅವರ ಕೆಲಸವನ್ನು ಆರಿಸಿಕೊಂಡಿದ್ದೇನೆ. ಸೋಲ್‌ನಲ್ಲಿ ಭೌತಶಾಸ್ತ್ರ ಓದಿ ಬರ್ಕ್ಲಿಗೆ ಹೋದ ಅವರು 1996ರಲ್ಲಿ ಶಿಮೊನ್ ವೈಸ್ ಮೊದಲಾದವರೊಡನೆ ಒಂದೇ ಜೋಡಿ ವರ್ಣಕ ಅಣುಗಳ ನಡುವೆ ಶಕ್ತಿ ವರ್ಗಾವಣೆಯಾಗುವುದನ್ನು ತೋರಿಸಿದರು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀವನ್ ಚು ಅವರ ಗುಂಪಿನಲ್ಲಿದ್ದು, 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. ಇಷ್ಟು ನನಗೆ ಗೊತ್ತಾಗಿದೆ. ಗೊತ್ತಾಗದಿರುವುದು ಎರಡು. ಹಸಿರು ಬೆಳಕಿನ ತರಂಗಾಂತರವೇ 532 ನ್ಯಾನೋಮೀಟರ್ ಇರುವಾಗ ಅದೇ ಬೆಳಕಿನಿಂದ ಐದಾರು ನ್ಯಾನೋಮೀಟರಿನ ಅಂತರವನ್ನು ಅಳೆಯುವುದು ಹೇಗೆ? ಒಂದೇ ಒಂದು ಅಣು ಸೂಸುವ ಕ್ಷೀಣ ಬೆಳಕನ್ನು ಕಾಣಬೇಕಾದರೆ ಬಹಳ ಪ್ರಬಲವಾದ ಲೇಸರ್ ಬೇಕಾಗುತ್ತದೆಯೇ?

ಉತ್ತರ 1 (ಇಂಥದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡಿದವಳು)

ಮೊದಲನೆಯದಕ್ಕೆ ಉತ್ತರ ಚಿತ್ರದಲ್ಲಿಲ್ಲ, ಬಣ್ಣದಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ಎರಡು ಅಣುಗಳೂ ಸೇರಿ ಒಂದೇ ಮಸುಕು ಚುಕ್ಕೆಯಾಗಿ ಕಾಣುತ್ತವೆ. ಅವುಗಳನ್ನು ಬಿಡಿಸಿ ನೋಡುವ ಪ್ರಯತ್ನವನ್ನೇ ಯಾರೂ ಮಾಡುವುದಿಲ್ಲ. ಹಸಿರು ಬೆಳಕು ಹೀರಿದ ದಾನಿ ಅಣು ತಾನೇ ಬೆಳಗುವ ಬದಲು ಪಕ್ಕದ ಗ್ರಾಹಿ ಅಣುವಿಗೆ ಶಕ್ತಿಯನ್ನು ದಾಟಿಸಿದರೆ ಚುಕ್ಕೆ ಕೆಂಪಾಗುತ್ತದೆ. ಹೀಗೆ ದಾಟುವ ವೇಗ ಅಂತರದ ಆರನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆಂದು ಥಿಯೋಡೋರ್ ಫಾರ್ಸ್ಟರ್ 1940ರ ದಶಕದಲ್ಲಿಯೇ ಲೆಕ್ಕ ಹಾಕಿದ್ದರು. ಶಕ್ತಿ ದಾಟುವ ದಕ್ಷತೆ ಸರಿಯಾಗಿ ಅರ್ಧವಾಗುವ ಅಂತರ 5 ನ್ಯಾನೋಮೀಟರ್ ಎಂದಿಟ್ಟುಕೊಳ್ಳಿ: ಅಣುಗಳು 4 ನ್ಯಾನೋಮೀಟರಿಗೆ ಬಂದರೆ ಅದು ಶೇ. 79ಕ್ಕೆ ಏರುತ್ತದೆ, 6ಕ್ಕೆ ಸರಿದರೆ ಶೇ. 25ಕ್ಕೆ ಇಳಿಯುತ್ತದೆ. ಕೆಂಪು ಹಸಿರುಗಳ ಪಾಲನ್ನು ಎಣಿಸಿದರೆ ಅಂತರ ತಾನಾಗಿ ಸಿಕ್ಕಂತಾಯಿತು. ಇದನ್ನು ಅಳತೆಗೋಲಾಗಿ ಬಳಸಬಹುದೆಂದು ಸ್ಟ್ರೈಯರ್ ಮತ್ತು ಹಾಗ್‌ಲ್ಯಾಂಡ್ 1967ರಲ್ಲಿ ತೋರಿಸಿದ್ದರು. ಆದರೆ ಅವರು ಅಳೆದದ್ದು ಕೋಟ್ಯಂತರ ಅಣುಗಳ ಸರಾಸರಿಯನ್ನು.

ಎರಡನೆಯ ಪ್ರಶ್ನೆಗೆ ನನ್ನ ಅನುಭವದ ಉತ್ತರ: ಬೆಳಕನ್ನು ಹೆಚ್ಚಿಸುವುದಕ್ಕಿಂತ ಕತ್ತಲೆಯನ್ನು ಹೆಚ್ಚಿಸುವುದೇ ಇಲ್ಲಿನ ಕಸುಬು. ಲೇಸರಿನ ಶಕ್ತಿ ಏರಿಸಿದಷ್ಟೂ ಹಿನ್ನೆಲೆಯ ಬೆಳಕೂ ಏರುತ್ತದೆ, ವರ್ಣಕವೂ ಬೇಗ ಬ್ಲೀಚ್ ಆಗುತ್ತದೆ, ಅಂದರೆ ಬೆಳಗುವುದನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ನಾನು ಮೊದಲ ವರ್ಷ ಎರಡು ತಿಂಗಳು ಅತ್ಯಂತ ಉತ್ಸಾಹದಿಂದ ಎಣಿಸಿದ ಅಣುಗಳಲ್ಲಿ ಹೆಚ್ಚಿನವು ಸರಿಯಾಗಿ ತೊಳೆಯದ ಗಾಜಿನ ಮೇಲಿನ ಕೊಳೆಯೆಂದು ಆಮೇಲೆ ತಿಳಿಯಿತು. ನಿಜವಾದ ಒಂಟಿ ಅಣು ಮೆಲ್ಲಗೆ ಮಂಕಾಗುವುದಿಲ್ಲ. ದೀಪದ ಸ್ವಿಚ್ ಆರಿಸಿದಂತೆ ಒಂದೇ ಹೆಜ್ಜೆಯಲ್ಲಿ ನಂದಿಹೋಗುತ್ತದೆ. ಆ ಒಂದು ಹೆಜ್ಜೆಯನ್ನು ಹುಡುಕಬೇಕೆಂದು ಯಾರಾದರೂ ಮೊದಲೇ ಹೇಳಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು. ಹಾ ಅವರ ಗುಂಪಿನ ಹೆಸರು ಡಿ.ಎನ್.ಎ. ಬಿಡಿಸುವ ಕಿಣ್ವಗಳಾದ ಹೆಲಿಕೇಸ್‌ಗಳ ಜೊತೆಗೆ ಬೆಸೆದುಕೊಂಡಿದ್ದರೂ, ನಮ್ಮಂಥವರು ದಿನನಿತ್ಯ ನೆನೆಯುವುದು ಅವರು 2006ರಲ್ಲಿ ಪ್ರಕಟಿಸಿದ ಒಂದು ಸಣ್ಣ ಉಪಾಯವನ್ನು: ಆಮ್ಲಜನಕವನ್ನು ತೆಗೆದ ದ್ರಾವಣಕ್ಕೆ ವಿಟಮಿನ್ ಇ ಸಂಬಂಧಿಯಾದ ಟ್ರೋಲಾಕ್ಸ್ ಬೆರೆಸಿದರೆ ವರ್ಣಕದ ಮಿಟುಕಾಟ ನಿಲ್ಲುತ್ತದೆ.

ಉತ್ತರ 2 (ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಮೈಸೂರು)

ಮೇಲಿನ ಉತ್ತರದಲ್ಲಿ ಹಿನ್ನೆಲೆಯ ಬೆಳಕೆಂದು ಮೇಡಂ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಾರೆ. ಅದರೊಳಗೆ ನಮ್ಮದೇ ಒಂದು ಕಥೆಯಿದೆ. ಲೇಸರನ್ನು ಬಿಗಿಯಾಗಿ ಕೇಂದ್ರೀಕರಿಸಿದಾಗ ಬೆಳಗುವ ಜಾಗ ಸುಮಾರು ಒಂದು ಫೆಮ್ಟೋಲೀಟರ್. ಅಷ್ಟರೊಳಗೆ ನಿಮ್ಮ ವರ್ಣಕದ ಅಣು ಒಂದಿದ್ದರೆ ನೀರಿನ ಅಣುಗಳು ಮೂರು ಸಾವಿರದ ಮುನ್ನೂರು ಕೋಟಿಗೂ ಹೆಚ್ಚು ಇರುತ್ತವೆ, ಮತ್ತು ಅವುಗಳಿಂದ ಬರುವ ರಾಮನ್ ಚದುರಿಕೆ (ಬಣ್ಣ ಬದಲಿಸಿಕೊಂಡು ಚದುರುವ ಬೆಳಕು) ಅತಿ ಕ್ಷೀಣವಾದರೂ ಒಟ್ಟು ಸೇರಿದಾಗ ಅಲಕ್ಷಿಸುವಂತಿರುವುದಿಲ್ಲ. ಸೋಜಿಗವೆಂದರೆ, ಕಲ್ಕತ್ತೆಯಲ್ಲಿ 1923ರಲ್ಲಿ ಕೆ.ಆರ್. ರಾಮನಾಥನ್ ಇದೇ ಬೆಳಕನ್ನು ಮೊದಲು ಕಂಡಾಗ ಅದನ್ನು ಕಲ್ಮಶದಿಂದ ಬಂದ ದುರ್ಬಲ ಪ್ರತಿದೀಪ್ತಿಯೆಂದೇ (ಬೆಳಕು ಹೀರಿದ ಅಣು ಮತ್ತೆ ಸೂಸುವ ಬೆಳಕು, ನಿಮ್ಮ ವರ್ಣಕದ್ದೂ ಇದೇ) ಭಾವಿಸಲಾಗಿತ್ತು. ದ್ರವವನ್ನು ಎಷ್ಟು ಶುದ್ಧಗೊಳಿಸಿದರೂ ಅದು ಹೋಗಲಿಲ್ಲ, ಮೇಲಾಗಿ ಅದು ಬಲವಾಗಿ ಧ್ರುವೀಕೃತವಾಗಿತ್ತು, ಅಂದರೆ ಅದರ ಕಂಪನ ಬಹುಪಾಲು ಒಂದೇ ದಿಕ್ಕಿನದಾಗಿತ್ತು. ಹಾಗಾಗಿ ಇದು ಪ್ರತಿದೀಪ್ತಿಯಲ್ಲವೆಂದು 1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ತೀರ್ಮಾನಿಸಿದರು. ಐದು ವರ್ಷಗಳ ನಂತರ ರಾಮನ್ ಬೆಂಗಳೂರಿಗೆ ಬಂದದ್ದು ಎಲ್ಲರಿಗೂ ತಿಳಿದಿದೆ. ಅಂದು ಅವರಿಗೆ ಪ್ರತಿದೀಪ್ತಿ ಬೇಡದ ಕಳೆಯಾಗಿತ್ತು, ಇಂದು ನಿಮಗೆ ರಾಮನ್ ಬೆಳಕೇ ಬೇಡದ ಕಳೆ.

ನಿಮ್ಮ ಸೆಮಿನಾರಿಗೆ ಇನ್ನೊಂದು ಎಳೆ. ಪ್ರತಿದೀಪ್ತಿಯ ಧ್ರುವೀಕರಣವನ್ನೇ ಅಳತೆಯ ಸಾಧನ ಮಾಡಿಕೊಂಡವರು ಅರ್ಜೆಂಟೀನಾದ ಗ್ರೆಗೋರಿಯೊ ವೆಬರ್. ಸಣ್ಣ ಅಣು ಬೆಳಕು ಸೂಸುವ ಮೊದಲೇ ಗಿರಗಿರನೆ ತಿರುಗಿ ಧ್ರುವೀಕರಣ ಕಳೆದುಕೊಳ್ಳುತ್ತದೆ. ಅದನ್ನೇ ದೊಡ್ಡ ಪ್ರೋಟೀನಿಗೆ ಅಂಟಿಸಿದರೆ ನಿಧಾನವಾಗಿ ತಿರುಗುತ್ತದೆ. ಇದಕ್ಕಾಗಿಯೇ ಅವರು ಡ್ಯಾನ್ಸಿಲ್ ಕ್ಲೋರೈಡ್ ಎಂಬ ವರ್ಣಕವನ್ನು ತಯಾರಿಸಿದರು. ಅವರು 1962ರಿಂದ ಕೆಲಸ ಮಾಡಿದ್ದೂ ಹಾ ಮುಂದೆ ಬಂದು ಸೇರಿದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾದಲ್ಲಿಯೇ.

ಅಂದಹಾಗೆ, ನೀರಿನ ರಾಮನ್ ಪಲ್ಲಟ, ಅಂದರೆ ಚದುರಿದಾಗ ಬೆಳಕಿನ ತರಂಗಸಂಖ್ಯೆ ಇಳಿಯುವ ಪ್ರಮಾಣ, ಪ್ರತಿ ಸೆಂಟಿಮೀಟರಿಗೆ ಸುಮಾರು 3400. ನಿಮ್ಮ 532ರ ಲೇಸರಿಗೆ ಅದು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ ನೋಡಿ.

ಉತ್ತರ 3 (ಜೀವರಸಾಯನಶಾಸ್ತ್ರದವನು)

ಇಬ್ಬರೂ ಭೌತಶಾಸ್ತ್ರದ ಕಡೆಯಿಂದಲೇ ಹೇಳಿದ್ದರಿಂದ ಒಂದು ತಕರಾರು. ಡಬ್ಲ್ಯು.ಇ. ಮೋರ್ನರ್ ಮತ್ತು ಲೋಥರ್ ಕಡೋರ್ 1989ರಲ್ಲಿ ಮೊದಲ ಬಾರಿಗೆ ಒಂಟಿ ಅಣುವಿನ ಗುರುತು ಹಿಡಿದದ್ದು ದ್ರವ ಹೀಲಿಯಂನ ಚಳಿಯಲ್ಲಿದ್ದ ಹರಳಿನೊಳಗೆ. ಅಲ್ಲಿ ಜೀವವಿಜ್ಞಾನಕ್ಕೆ ಕೆಲಸವಿರಲಿಲ್ಲ. ಕೋಣೆಯ ಉಷ್ಣತೆಯಲ್ಲಿ, ನೀರಿನಲ್ಲಿ ಕಾಣುವಂತಾದ ಮೇಲೆ ಯಾವ ಅಣುವನ್ನು, ಯಾವ ಪ್ರಶ್ನೆ ಇಟ್ಟುಕೊಂಡು ನೋಡಬೇಕೆಂಬುದೇ ಮುಖ್ಯವಾಯಿತು. ಹಾ ಅವರ 2002ರ ಪ್ರಬಂಧದಲ್ಲಿ ಟಿಮೊಥಿ ಲೋಮನ್ ಅವರ ಹೆಸರೂ ಇರುವುದನ್ನು ಗಮನಿಸಿ. ಡಿ.ಎನ್.ಎ.ಯ ಎಳೆಗಳನ್ನು ಬಿಡಿಸುವ ರೆಪ್ ಎಂಬ ಹೆಲಿಕೇಸನ್ನು ಲೋಮನ್ ಎಷ್ಟೋ ವರ್ಷ ಪರೀಕ್ಷಾನಳಿಕೆಯಲ್ಲಿ ಅರೆದು ನೋಡಿದ್ದರಿಂದಲೇ ಒಂಟಿ ಅಣುವಿನ ಪ್ರಯೋಗಕ್ಕೆ ಅರ್ಥ ಬಂದಿತು. ಕಿಣ್ವ ಅರ್ಧಕ್ಕೆ ನಿಲ್ಲುವುದು, ಬಿಡಿಸಿದ ಎಳೆಗಳು ಮತ್ತೆ ಮುಚ್ಚಿಕೊಳ್ಳುವುದು, ಇವೆಲ್ಲ ಸರಾಸರಿಯಲ್ಲಿ ಅಳಿಸಿಹೋಗುವ ಸಂಗತಿಗಳು. ಇನ್ನೂ ಚೆಂದದ್ದು 2005ರದು: ಒಂಟಿ ಎಳೆಯ ಮೇಲೆ ನಡೆಯುತ್ತ ಹೋದ ಒಂದೇ ರೆಪ್ ಅಣು ಅಡ್ಡಿ ಎದುರಾದ ಕೂಡಲೇ ಹೊರಟಲ್ಲಿಗೆ ಹಾರಿ, ಮತ್ತೆ ಅದೇ ದಾರಿ ಹಿಡಿಯುತ್ತದೆ, ಮತ್ತೆ ಮತ್ತೆ. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ ಎಂಬುದು ನನ್ನ ಅಂದಾಜು. ಬೆಳಕನ್ನು ಬಲ್ಲವರು ಕಿಣ್ವವನ್ನು ಬಲ್ಲವರ ಬಾಗಿಲು ತಟ್ಟದಿದ್ದರೆ ಒಳ್ಳೆಯ ಉಪಕರಣವೂ ಕೊಳೆಯನ್ನೇ ಎಣಿಸುತ್ತ ಕೂರುತ್ತದೆ. (ಮೇಡಂ ಬೇಸರಿಸಬಾರದು.)

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸರ್, ಲೆಕ್ಕ ಹಾಕಿದೆ: 650 ನ್ಯಾನೋಮೀಟರ್ ಬಂದಿತು. ಅಂದರೆ ನೀರಿನ ರಾಮನ್ ಬೆಳಕು ಬೀಳುವುದು ಗ್ರಾಹಿಯಾಗಿ ಬಳಸುವ ಕೆಂಪು ವರ್ಣಕ ಸೈ5 ಬೆಳಗುವ ಪಟ್ಟಿಯಲ್ಲಿಯೇ ಅಲ್ಲವೇ? ಹಾಗಾದರೆ ಅದನ್ನು ಯಾವ ಫಿಲ್ಟರ್ ಹಾಕಿ ತಡೆಯುತ್ತಾರೆ?

ಉತ್ತರ 1

ಬೇಸರವೇನಿಲ್ಲ, ಕೊಳೆ ಎಣಿಸಿದ್ದು ನಿಜವೇ. 650ರ ವಿಷಯಕ್ಕೆ ಬಂದರೆ, ಗ್ರಾಹಿಯ ಬೆಳಕನ್ನೂ ಕಳೆದುಕೊಳ್ಳದೆ ಅದನ್ನು ಫಿಲ್ಟರಿನಿಂದ ಪೂರ್ತಿ ತಡೆಯಲಾಗುವುದಿಲ್ಲ. ಬೆಳಗುವ ನೀರನ್ನೇ ಕಡಿಮೆ ಮಾಡಬೇಕು. ಅದಕ್ಕೆಂದೇ ಅಣುವನ್ನು ಗಾಜಿನ ಮೇಲ್ಮೈಗೆ ಕಟ್ಟಿ, ಲೇಸರನ್ನು ಓರೆಯಾಗಿ ಬಿಟ್ಟು ಪೂರ್ಣ ಆಂತರಿಕ ಪ್ರತಿಫಲನ ಮಾಡಿಸುತ್ತೇವೆ. ಆಗ ಬೆಳಕು ನೀರಿನೊಳಗೆ ನೂರು, ಇನ್ನೂರು ನ್ಯಾನೋಮೀಟರಿನಷ್ಟೇ ಇಣುಕುತ್ತದೆ. ಅದಕ್ಕೂ ಆಚೆಯ ನೀರು ಕತ್ತಲಲ್ಲೇ ಉಳಿಯುತ್ತದೆ.