ಅಪ್ಪ ವಾಲುವುದನ್ನು ಕ್ಯಾಮೆರಾದಲ್ಲಿ ಅಳೆದವರು ಇದ್ದೀರಾ?

ಅಪ್ಪನಿಗೆ 71. ಪಾರ್ಕಿನ್ಸನ್ ಬಂದು ಆರು ವರ್ಷ. ಈಚೆಗೆ ನಿಂತಾಗ ಬಲಕ್ಕೆ ವಾಲುತ್ತಾರೆ, ಸ್ವಲ್ಪ ಮುಂದಕ್ಕೂ ಬಾಗಿದ್ದಾರೆ. ಅಮ್ಮ ಮಾತ್ರ "ಮೊದಲಿಂದಲೂ ಹಾಗೇ" ಅನ್ನುತ್ತಾರೆ. ವಿಡಿಯೋ ಗೇಮಿನ ಕಿನೆಕ್ಟ್ ಕ್ಯಾಮೆರಾದಿಂದ ಇದನ್ನು ಅಳೆಯಬಹುದು ಅಂತ ಓದಿದೆ. ಹಳೆಯದೊಂದು ಸಿಗುತ್ತಿದೆ. ಕೊಳ್ಳಲೇ?

ಕೊಂಡು ಅನುಭವಿಸಿದವನ ಉತ್ತರ

ಅಮ್ಮನಿಗಾಗಿ ಕಿನೆಕ್ಟಿನ ಎರಡನೇ ಮಾದರಿ ತಂದಿದ್ದೆ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಲು ಬೇರೆ ಅಡಾಪ್ಟರ್ ಬೇಕು, ಅದನ್ನು ಹುಡುಕಿಯೇ ಸುಸ್ತಾದೆ. ಈ ಕ್ಯಾಮೆರಾ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬರಲು ಹಿಡಿಯುವ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಮೈಯಲ್ಲಿ 25 ಜಾಗ ಗುರುತಿಸುತ್ತದೆ. ಮೈಗೆ ಏನೂ ಅಂಟಿಸಬೇಕಿಲ್ಲ, ಅದೊಂದು ಸುಖ.

ಮೊದಲ ದಿನ ಅಮ್ಮ ಸೀರೆಯಲ್ಲೇ ನಿಂತರು. ಪರದೆ ಮೇಲೆ ಅದು ಗೆರೆಗಳಲ್ಲಿ ಬಿಡಿಸುವ ಮೈಯ ಸೊಂಟ ನೆರಿಗೆಯ ಹತ್ತಿರ ಕುಣಿಯುತ್ತಿತ್ತು. ತಂಗಿಯ ಪ್ಯಾಂಟು, ಟೀ ಶರ್ಟು ಹಾಕಿಸಿದ ಮೇಲೆ ಸುಮ್ಮನಾಯಿತು. ಅಪ್ಪ ಪಂಚೆ ಉಡುವವರಾದರೆ ನಿಮಗೂ ಇದೇ ಪಾಡು. ಬೀಳುತ್ತಾರೇನೋ ಅಂತ ನಾನು ಪಕ್ಕದಲ್ಲಿ ತೋಳು ಹಿಡಿದರೆ, ನನ್ನ ಕೈಯನ್ನೂ ಅಮ್ಮನ ಲೆಕ್ಕಕ್ಕೇ ಸೇರಿಸುತ್ತಿತ್ತು!

ಎದುರಿಂದ ನೋಡಿದಾಗ ಪಕ್ಕಕ್ಕೆ ವಾಲುವುದು ಚೆನ್ನಾಗಿಯೇ ಸಿಕ್ಕಿತು. ಬೆನ್ನಿನ ಬಾಗು ಸಿಗಲಿಲ್ಲ. ಸೊಂಟದಿಂದ ಕತ್ತಿನವರೆಗೆ ಅದಕ್ಕೆ ನಾಲ್ಕೇ ಚುಕ್ಕಿ. ಗೂನು ಎಲ್ಲಿಂದ ಶುರು ಅಂತ ಅದಕ್ಕೆಲ್ಲಿ ಗೊತ್ತಾಗಬೇಕು? ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರೆ ಆಚೆ ಕೈಕಾಲು ಮರೆಯಾಗಿ ಇನ್ನಷ್ಟು ಗೊಂದಲ. ಈಗ ಡಬ್ಬಿ ಅಟ್ಟದ ಮೇಲಿದೆ. ಮನೆಗಾದರೆ ಕೊಳ್ಳಬೇಡಿ.

ಫಿಸಿಯೋಥೆರಪಿಸ್ಟ್ ಒಬ್ಬರು

ವಾಲಿದ್ದನ್ನು ಡಿಗ್ರಿಯಲ್ಲಿ ಅಳೆಯುವುದು ಯಾಕೆ ಅಂದರೆ, ಪಾರ್ಕಿನ್ಸನ್ ಪರೀಕ್ಷೆಯಲ್ಲಿ ನಿಲುವಿಗೆ ಕೊಡುವುದು 0ಯಿಂದ 4ರವರೆಗೆ ಅಂಕ. ವಾಲಿದ್ದು ಸ್ವಲ್ಪ ಜಾಸ್ತಿಯಾದರೂ ಅಂಕ ಅಲ್ಲೇ ನಿಲ್ಲಬಹುದು. ಪಕ್ಕಕ್ಕೆ 10 ಡಿಗ್ರಿ ಅಥವಾ ಹೆಚ್ಚು ವಾಲಿ, ಮಲಗಿದಾಗ ನೆಟ್ಟಗಾದರೆ ಅದನ್ನು ಪೀಸಾ ಸಿಂಡ್ರೋಮ್ ಅನ್ನುತ್ತಾರೆ. ಹೌದು, ಆ ವಾಲುಗೋಪುರದ ಹೆಸರೇ. ಮುಂದಕ್ಕೆ ಬಾಗುವುದು ಕ್ಯಾಂಪ್ಟೊಕಾರ್ಮಿಯಾ. ಸೊಂಟದ ಹತ್ತಿರ ಬಾಗಿದರೆ 30, ಬೆನ್ನಿನ ಮೇಲ್ಭಾಗದಲ್ಲಾದರೆ 45 ಡಿಗ್ರಿ ದಾಟಬೇಕು. ಮಲಗಿದರೂ ನೆಟ್ಟಗಾಗದಿದ್ದರೆ ಬೆನ್ನುಮೂಳೆಯದ್ದೇ ತೊಂದರೆ ಇರಬಹುದು.

ಮನೆಯಲ್ಲಿ ಫೋನು ಸಾಕು. ಒಂದು ದಾರಕ್ಕೆ ಬೀಗ ಕಟ್ಟಿ ಬಾಗಿಲ ಚೌಕಟ್ಟಿನಿಂದ ಇಳಿಬಿಡಿ. ಅಪ್ಪ ಅದರ ಪಕ್ಕ, ಫೋನಿಗೆ ಬೆನ್ನು ಹಾಕಿ ನಿಲ್ಲಲಿ. ಫೋನು ಸೊಂಟದ ಎತ್ತರದಲ್ಲಿ ಸ್ಟೂಲಿನ ಮೇಲಿರಲಿ, ಕೈಯಲ್ಲಿ ಹಿಡಿದರೆ ಫೋನೇ ವಾಲುತ್ತದೆ. ದಾರ ನೇರ, ಅಪ್ಪ ಎಷ್ಟು ಓರೆ ಅಂತ ಅಲ್ಲೇ ಕಾಣುತ್ತದೆ. ಬಾಗು ನೋಡಲು ಪಕ್ಕದಿಂದಲೂ ಒಂದು ಫೋಟೋ. ಪ್ರತಿಸಲ ಅದೇ ಜಾಗ, ಅದೇ ದೂರ.

ಮಾತ್ರೆಯ ಹೊತ್ತು ಬರೆದಿಡಿ, ಇದು ಮುಖ್ಯ. ಮುಂದಿನ ಡೋಸಿಗೆ ಸ್ವಲ್ಪ ಮುಂಚೆ ಒಂದು ಫೋಟೋ, ನುಂಗಿ ಒಂದು ಗಂಟೆಯ ಮೇಲೆ ಇನ್ನೊಂದು. ಅಳತೆಗೆ ಅಂತ ಮಾತ್ರೆ ತಡ ಮಾಡಬೇಡಿ. ಈಚೆಗೆ ಯಾವುದಾದರೂ ಔಷಧಿ ಬದಲಾಗಿದೆಯಾ ನೋಡಿ. ಕೆಲವರಲ್ಲಿ ವಾಲುವುದು ಅದರಿಂದಲೇ ಶುರುವಾಗುತ್ತದೆ. ಡಾಕ್ಟರಿಗೆ ತಪ್ಪದೆ ಹೇಳಿ.

ಸೊಸೆಯೊಬ್ಬಳ ಮಾತು

ನಮ್ಮ ಮಾವ ಫೋಟೋ ಅಂದ ತಕ್ಷಣ ಪರೇಡಿಗೆ ನಿಂತ ಹಾಗೆ ಎದೆ ಸೆಟೆಸುತ್ತಾರೆ! ನಾನು ಕ್ಯಾಮೆರಾ ಆನ್ ಮಾಡಿ ಅವರ ಹಳೇ ಆಫೀಸಿನ ಸುದ್ದಿ ತೆಗೆಯುತ್ತೇನೆ. ಎರಡು ನಿಮಿಷಕ್ಕೆ ನಿಜವಾದ ಭಂಗಿ ಬರುತ್ತದೆ. ವಿಡಿಯೋ ಮಾಡಿ, ಆಮೇಲೆ ಅದರಿಂದ ಒಂದು ಚಿತ್ರ ತೆಗೆದುಕೊಳ್ಳಿ. ಪಕ್ಕದಲ್ಲಿ ಕುರ್ಚಿ ಇಟ್ಟಿರಿ.

ಕೇಳಿದವನೇ ಮತ್ತೆ

ಕಿನೆಕ್ಟ್ ಬಿಟ್ಟೆ. ದಾರ, ಬೀಗ, ಸ್ಟೂಲು ಆಯಿತು. ಬೆಳಿಗ್ಗೆ ಮಾತ್ರೆಗೆ ಮುಂಚೆ 14 ಡಿಗ್ರಿ, ಆಮೇಲೆ 11. ಮಂಚದ ಮೇಲೆ ಮಲಗಿದಾಗ ನೆಟ್ಟಗೇ ಇದ್ದರು. ಅಮ್ಮ ಫೋಟೋ ದೊಡ್ಡದು ಮಾಡಿಕೊಂಡು ಆ ದಾರವನ್ನೇ ನೋಡುತ್ತಾ ಕೂತರು. ಶುಕ್ರವಾರ ಡಾಕ್ಟರ ಹತ್ತಿರ ತಾವೂ ಬರುತ್ತಾರಂತೆ.