ದುಡ್ಡು ಕೊಟ್ಟು ತಗೊಂಡ ಗೇಮ್ ನಮ್ಮದಾ, ಸರ್ವರ್ ಇರುವಷ್ಟು ದಿನ ಮಾತ್ರವಾ?

ಹಿಂದಿನಸೀಟು ಕೇಳಿದ್ದು:

ಒಂದೇ ಸಲ ಪೂರ್ತಿ ದುಡ್ಡು ಕೊಟ್ಟು ತಗೊಂಡ ಗೇಮ್ ನಮ್ಮ ವಸ್ತುವೋ, ಕಂಪನಿ ನಡೆಸುವಷ್ಟು ದಿನ ಸಿಗುವ ಸೇವೆಯೋ? ವಾದಕ್ಕಾಗಿ ಕೇಳುತ್ತಿಲ್ಲ, ನಿಜವಾಗಿ ಗೊತ್ತಾಗಬೇಕಾಗಿದೆ.

ನನ್ನ ಹತ್ತಿರ ಒಂದು ಸಾಹಸದ ಗೇಮ್ ಇದೆ. ಡಿಸ್ಕ್‌ನಲ್ಲೇ ತಗೊಂಡಿದ್ದು. ಒಂದು ಗೀರೂ ಬಿದ್ದಿಲ್ಲ. ಕನ್ಸೋಲ್‌ಗೆ ಹಾಕಿದರೆ ಓದುತ್ತದೆ, ಇನ್‌ಸ್ಟಾಲ್ ಆಗುತ್ತದೆ, ಲೋಗೋ ಬರುತ್ತದೆ, ಸಂಗೀತ ಕೇಳುತ್ತದೆ. ಆಮೇಲೆ 'ಸರ್ವರ್‌ಗೆ ಸಂಪರ್ಕಿಸಲಾಗುತ್ತಿದೆ' ಅಂತ ಒಂದು ಚಕ್ರ ತಿರುಗುತ್ತಾ ನಿಲ್ಲುತ್ತದೆ. ಕೊನೆಗೆ ಒಂದು ಎರರ್ ನಂಬರ್. ಅಷ್ಟೇ.

ನಾನು ಇದರಲ್ಲಿ ಯಾರ ಜೊತೆಗೂ ಆನ್‌ಲೈನ್ ಆಡಿದವನಲ್ಲ. ಕಥೆ ಇದೆ, ಒಬ್ಬನೇ ಆಡಬಹುದು ಅಂತಲೇ ತಗೊಂಡಿದ್ದು. ನನ್ನ ತಂಗಿ ಅದೇ ಕನ್ಸೋಲ್‌ನಲ್ಲಿ ತನ್ನದೇ ಒಂದು ಪಾತ್ರ ಮಾಡಿಕೊಂಡು, ಅದಕ್ಕೆ ಹಸಿರು ಕೋಟು ಹಾಕಿ, ದಿನಾ ಸ್ವಲ್ಪ ಸ್ವಲ್ಪ ಬೆಳೆಸಿದ್ದಳು. ಅದೂ ಹೋಯಿತು. ಕಂಪನಿಗೆ ಬರೆದರೆ 'ಈ ಸೇವೆಯನ್ನು ನಿಲ್ಲಿಸಲಾಗಿದೆ' ಅಂತ ಒಂದು ಸಾಲಿನ ಉತ್ತರ ಬಂತು. ಡಬ್ಬಿಯ ಹಿಂದೆ ಇಂಟರ್ನೆಟ್ ಬೇಕು ಅಂತ ಇದೆ, ಒಪ್ಪುತ್ತೇನೆ. ಯಾವತ್ತಿನವರೆಗೆ ಅಂತ ಎಲ್ಲೂ ಇಲ್ಲ.

ಸಣ್ಣಅಕ್ಷರ:

ಕಾಗದದ ಪ್ರಕಾರ ನಿಮ್ಮದಾಗಿರುವುದು ಡಿಸ್ಕ್ ಮಾತ್ರ. ಒಳಗಿನ ಗೇಮ್ ಆಡಲು ನಿಮಗೆ ಇರುವುದು ಲೈಸೆನ್ಸ್, ಅಂದರೆ ಬಳಸುವ ಅನುಮತಿ. ಮೊದಲ ಸಲ ಗೇಮ್ ತೆರೆದಾಗ ನಾವೆಲ್ಲ ಓದದೆ 'ಒಪ್ಪಿದೆ' ಒತ್ತುತ್ತೇವಲ್ಲ, ಅದರಲ್ಲಿ ಇದೇ ಬರೆದಿರುತ್ತದೆ.

ಕೋರ್ಟುಗಳೂ ಒಂದೇ ಮಾತು ಹೇಳಿಲ್ಲ. ಅಮೆರಿಕದಲ್ಲಿ 2010ರ ವರ್ನರ್ ವಿರುದ್ಧ ಆಟೋಡೆಸ್ಕ್ ಕೇಸಿನಲ್ಲಿ ಮೇಲ್ಮನವಿ ಕೋರ್ಟು ಸಾಫ್ಟ್‌ವೇರ್ ಕೊಟ್ಟಿದ್ದು ಮಾರಾಟ ಅಲ್ಲ, ಲೈಸೆನ್ಸ್ ಅಂದಿತು. ಯುರೋಪಿನ ನ್ಯಾಯಾಲಯ 2012ರ ಯೂಸ್ಡ್‌ಸಾಫ್ಟ್ ಕೇಸಿನಲ್ಲಿ ಇದಕ್ಕೆ ಉಲ್ಟಾ ಹೇಳಿತು: ಒಂದೇ ಸಲ ದುಡ್ಡು ತಗೊಂಡು ಕಾಲಮಿತಿ ಇಲ್ಲದೆ ಕೊಟ್ಟರೆ ಅದು ಮಾರಾಟವೇ, ತಗೊಂಡವನು ಬೇರೆಯವರಿಗೆ ಮಾರಲೂಬಹುದು. ಆದರೆ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯ ಗೇಮ್‌ಗಳ ವಿಷಯ ಬಂದಾಗ ಪ್ಯಾರಿಸ್‌ನ ಕೋರ್ಟು 2019ರಲ್ಲಿ ಮಾರಬಹುದು ಅಂದಿದ್ದನ್ನು ಮೇಲಿನ ಕೋರ್ಟು 2022ರಲ್ಲಿ ತಳ್ಳಿಹಾಕಿತು. ಗೇಮ್ ಬರೀ ಸಾಫ್ಟ್‌ವೇರ್ ಅಲ್ಲ, ಅದರಲ್ಲಿ ಚಿತ್ರ, ಸಂಗೀತ, ಕಥೆ ಎಲ್ಲ ಸೇರಿದೆ ಅನ್ನುವುದು ವಾದ.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಇದೆ. ಲೈಸೆನ್ಸ್ ಮಾತ್ರ ಕೊಡುತ್ತಿದ್ದರೆ ಅದನ್ನು ಸ್ಪಷ್ಟವಾಗಿ ಹೇಳದೆ 'ಖರೀದಿಸಿ' ಅಂತ ಬಟನ್ ಹಾಕುವಂತಿಲ್ಲ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡು ಯಾವಾಗಲೂ ಆಫ್‌ಲೈನ್ ಬಳಸಬಹುದಾದ ಗೇಮ್‌ಗೆ ಇದು ಅನ್ವಯಿಸುವುದಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ನಿಮ್ಮ ಗೇಮ್ ಇದರಿಂದ ವಾಪಸ್ ಬರುವುದಿಲ್ಲ.

ಹಳೆಸರ್ವರ್:

ಮೇಲಿನವರು ಕಾನೂನು ಸರಿಯಾಗಿ ಹೇಳಿದ್ದಾರೆ. ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಕಂಪನಿಗಳು ಕೈಬಿಟ್ಟ ಗೇಮ್‌ಗಳನ್ನು ಆಡುವಂತೆ ಇಟ್ಟುಕೊಳ್ಳುವ ಒಂದು ಸಣ್ಣ ಗುಂಪಿನಲ್ಲಿ ನಾನಿದ್ದೇನೆ. ಈ ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಗಟ್ಟಿಯಾದ ಅಭಿಪ್ರಾಯ ಇದು: ವಸ್ತುವೋ ಸೇವೆಯೋ ಅನ್ನುವುದನ್ನು ಮಾರುವ ದಿನವೇ ತೀರ್ಮಾನ ಮಾಡಬೇಕು. ಮಾರುವಾಗ ವಸ್ತು, ಬಾಗಿಲು ಹಾಕುವಾಗ ಸೇವೆ ಅನ್ನುವ ಹಾಗಿಲ್ಲ. ಬಾಡಿಗೆಗೆ ಕೊಡುವವನು ಯಾವಾಗ ವಾಪಸ್ ಕೊಡಬೇಕು ಅಂತ ಮೊದಲೇ ಹೇಳುತ್ತಾನೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಗೇಮ್ 2004ರಿಂದ ತಿಂಗಳ ಶುಲ್ಕ ತಗೊಳ್ಳುತ್ತಿದೆ. ಅದು ಸೇವೆ, ಆಡುವವರಿಗೂ ಗೊತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ಪೂರ್ತಿ ಬೆಲೆ ಒಂದೇ ಸಲ ತಗೊಂಡು, ತಾರೀಖು ಹೇಳದೆ, ಒಂದು ದಿನ ಸ್ವಿಚ್ ಆರಿಸುತ್ತಾರಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಹಿಂದೆ ಹೀಗಿರಲಿಲ್ಲ. 1999ರ ಅನ್‌ರಿಯಲ್ ಟೂರ್ನಮೆಂಟ್ ತಗೊಳ್ಳಿ. ಆ ಗೇಮ್ ಜೊತೆಗೇ ಸರ್ವರ್ ಪ್ರೋಗ್ರಾಂ ಕೂಡ ಬರುತ್ತಿತ್ತು. ಯಾರು ಬೇಕಾದರೂ ತಮ್ಮ ಕಂಪ್ಯೂಟರ್‌ನಲ್ಲಿ ನಡೆಸಬಹುದಿತ್ತು. ಕಂಪನಿ ಇಟ್ಟುಕೊಂಡಿದ್ದು ಮಾಸ್ಟರ್ ಸರ್ವರ್ ಮಾತ್ರ. ಅದರ ಕೆಲಸ ತೀರಾ ಕಡಿಮೆ: ಈಗ ಎಲ್ಲೆಲ್ಲಿ ಆಟ ನಡೆಯುತ್ತಿದೆ ಅನ್ನುವ ಪಟ್ಟಿ ಕೊಡುವುದು. 2023ರ ಜನವರಿಯಲ್ಲಿ ಆ ಕಂಪನಿ, ಎಪಿಕ್, ಅದನ್ನು ನಿಲ್ಲಿಸಿತು. ಆಟ ನಿಂತಿತಾ? ಇಲ್ಲ. ಗೇಮ್‌ನ ಫೋಲ್ಡರ್‌ನಲ್ಲಿ ಸೆಟ್ಟಿಂಗ್‌ಗಳ ಒಂದು ಫೈಲ್ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಅದರಲ್ಲಿ ಮಾಸ್ಟರ್ ಸರ್ವರ್‌ನ ವಿಳಾಸ ಇರುವ ಸಾಲು ಹುಡುಕಿ, ಎಪಿಕ್‌ನ ವಿಳಾಸ ಅಳಿಸಿ, ಆಟಗಾರರೇ ನಡೆಸುವ ಸರ್ವರ್‌ನ ವಿಳಾಸ ಬರೆದು ಸೇವ್ ಮಾಡಿದರೆ ಪಟ್ಟಿ ಮತ್ತೆ ತುಂಬಿಕೊಳ್ಳುತ್ತದೆ. ಬದಲಾಗಿದ್ದು ಒಂದೆರಡು ಸಾಲು. ಇದನ್ನು ನಾನೇ ಹೊಸಬರ ಜೊತೆ ಕೂತು ಮಾಡಿಸಿದ್ದೇನೆ. ಪಟ್ಟಿ ತುಂಬಿದಾಗ ಅವರ ಮುಖ ನೋಡಬೇಕು ನೀವು!

ಈಗ ದ ಕ್ರೂ ನೋಡಿ. ಯೂಬಿಸಾಫ್ಟ್‌ನ ರೇಸಿಂಗ್ ಗೇಮ್, 2014ರ ಡಿಸೆಂಬರ್‌ನಲ್ಲಿ ಬಂತು. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದರು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಒಬ್ಬರೇ ಗಾಡಿ ಓಡಿಸಲೂ ಸರ್ವರ್ ಬೇಕಾಗಿದ್ದರಿಂದ ಇಡೀ ಗೇಮ್ ಸತ್ತಿತು, ಡಿಸ್ಕ್ ಇದ್ದವರಿಗೂ. ಆಮೇಲೆ ಆಟಗಾರರ ಅಕೌಂಟ್‌ಗಳಿಂದ ಲೈಸೆನ್ಸನ್ನೂ ತೆಗೆದರು. ಇದನ್ನೇ ಮುಂದಿಟ್ಟುಕೊಂಡು ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' (ಗೇಮ್ ಕೊಲ್ಲುವುದು ನಿಲ್ಲಿಸಿ) ಅನ್ನುವ ಚಳವಳಿ ಶುರು ಮಾಡಿದ್ದು. ಮಾರಿದ ಗೇಮ್ ಆಡುವಂತೆ ಉಳಿಸಿ ಅಂತ ಕೇಳುವ ಅದರ ಯುರೋಪಿನ ಅರ್ಜಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು.

ಇಂಥ ಗೇಮನ್ನು ಬದುಕಿಸುವುದು ಒಂದೆರಡು ಸಾಲಿನ ಕೆಲಸ ಅಲ್ಲ. ನೀವು ಆಟ ಶುರು ಮಾಡಿದಾಗ ಗೇಮ್ ಒಂದು ಸಂದೇಶ ಕಳಿಸುತ್ತದೆ: ನಾನು ಇಂಥವನು, ನನ್ನ ಗಾಡಿಗಳು ಯಾವುವು? ಸರ್ವರ್ ಉತ್ತರ ಕೊಡುತ್ತದೆ. ಗ್ಯಾರೇಜ್ ತೆರೆದರೆ ಇನ್ನೊಂದು ಪ್ರಶ್ನೆ, ಇನ್ನೊಂದು ಉತ್ತರ. ಸರ್ವರ್ ಬದುಕಿರುವಾಗಲೇ ಈ ಮಾತುಕತೆಯನ್ನೆಲ್ಲ ರೆಕಾರ್ಡ್ ಮಾಡಿಕೊಂಡರೆ ಉತ್ತರಗಳು ಹೇಗಿರಬೇಕು ಅಂತ ಗೊತ್ತಾಗುತ್ತದೆ. ಆಮೇಲೆ ಅದೇ ರೀತಿ ಉತ್ತರಿಸುವ ಹೊಸ ಪ್ರೋಗ್ರಾಂ ಬರೆಯಬಹುದು. ಸರ್ವರ್ ಆರಿದ ಮೇಲೆ ಗೇಮ್ ಕೇಳುತ್ತಲೇ ಇರುತ್ತದೆ, ಉತ್ತರಿಸುವವರು ಯಾರೂ ಇರುವುದಿಲ್ಲ. ಆಗ ಊಹೆಯ ಮೇಲೆಯೇ ಕಟ್ಟಬೇಕು. ದ ಕ್ರೂ ಅಭಿಮಾನಿಗಳು ಪಟ್ಟುಹಿಡಿದು ಕೂತು 2025ರ ಸೆಪ್ಟೆಂಬರ್‌ನಲ್ಲಿ ತಮ್ಮದೇ ಸರ್ವರ್ ಹೊರತಂದರು, ಗೇಮ್ ಈಗ ಕಂಪ್ಯೂಟರ್‌ನಲ್ಲಿ ಓಡುತ್ತದೆ. ಅವರ ಬಗ್ಗೆ ನನಗೆ ಬಹಳ ಗೌರವ. ಆದರೆ ದುಡ್ಡು ತಗೊಂಡವರು ಮಾಡಬೇಕಾದ ಕೆಲಸವನ್ನು ದುಡ್ಡು ಕೊಟ್ಟವರು ರಾತ್ರಿ ನಿದ್ದೆ ಬಿಟ್ಟು ಮಾಡಬೇಕಾ?

ರಾತ್ರಿಪಾಳಿ:

ನಾನು ಆನ್‌ಲೈನ್ ಗೇಮ್‌ಗಳ ಸರ್ವರ್ ಕಡೆ ಕೆಲಸ ಮಾಡುವವಳು. ಸಿಟ್ಟು ಅರ್ಥವಾಗುತ್ತದೆ, ಆದರೆ ಕೆಲವು ವಿಷಯ ಹೇಳಲೇಬೇಕು.

1999ರ ಸರ್ವರ್ ಒಂದು ಪ್ರೋಗ್ರಾಂ. ಈಗಿನದು ಹಾಗಲ್ಲ. ಲಾಗಿನ್‌ಗೆ ಒಂದು, ಆಟಗಾರರನ್ನು ಜೋಡಿ ಮಾಡಲು ಒಂದು, ಯಾರ ಹತ್ತಿರ ಏನಿದೆ ಅನ್ನುವ ಲೆಕ್ಕಕ್ಕೆ ಒಂದು, ಮೋಸ ಹಿಡಿಯಲು ಒಂದು, ದುಡ್ಡಿನ ವ್ಯವಹಾರಕ್ಕೆ ಇನ್ನೊಂದು. ಇವು ಬಾಡಿಗೆ ಕ್ಲೌಡ್‌ನಲ್ಲಿ, ಅಂದರೆ ಬೇರೆಯವರ ಕಂಪ್ಯೂಟರ್‌ಗಳಲ್ಲಿ, ಒಂದಕ್ಕೊಂದು ಹೆಣೆದುಕೊಂಡು ಓಡುತ್ತವೆ. ಕೆಲವು ನಮ್ಮವೇ ಅಲ್ಲ, ಬೇರೆ ಕಂಪನಿಯಿಂದ ತಗೊಂಡಿದ್ದು. ಅದನ್ನು ಜನರಿಗೆ ಕೊಡುವ ಹಕ್ಕು ನಮಗಿಲ್ಲ. ಮೋಸ ಹಿಡಿಯುವ ಕೋಡ್ ಹೊರಬಿದ್ದರೆ ಅದನ್ನೇ ಬಳಸುವ ಮುಂದಿನ ಗೇಮ್ ಹಾಳಾಗುತ್ತದೆ. ಸಂಗೀತಕ್ಕೆ, ಕಾರುಗಳ ಹೆಸರಿಗೆ ಪಡೆದ ಲೈಸೆನ್ಸ್‌ಗೂ ಅವಧಿ ಇರುತ್ತದೆ.

ಇನ್ನೊಂದು: ಒಂದು ಗೇಮ್ ಮುಚ್ಚುವ ಹೊತ್ತಿಗೆ ತಂಡದಲ್ಲಿ ಜನವೇ ಉಳಿದಿರುವುದಿಲ್ಲ. ಅರ್ಧ ಜನರನ್ನು ಕೆಲಸದಿಂದ ತೆಗೆದಿರುತ್ತಾರೆ. ಆಫ್‌ಲೈನ್ ಮಾಡಿ ಕೊಡಿ ಅಂತ ಯಾರಿಗೆ ಹೇಳುವುದು?

ಹಳೆಸರ್ವರ್:

ರಾತ್ರಿಪಾಳಿ ಅವರೇ, ಬರೆದದ್ದಕ್ಕೆ ನಿಜವಾಗಿ ಧನ್ಯವಾದ. ಒಳಗಿದ್ದವರು ಇಷ್ಟು ಬಿಡಿಸಿ ಹೇಳುವುದು ಕಡಿಮೆ.

ಕಾರು, ಸಂಗೀತದ ವಿಷಯ ಮೊದಲು. ಅವಧಿ ಮುಗಿದರೆ ಹೊಸದಾಗಿ ಮಾರುವಂತಿಲ್ಲ, ಸರಿ. ಈಗಾಗಲೇ ತಗೊಂಡವರಿಂದ ಕಿತ್ತುಕೊಳ್ಳಬೇಕು ಅಂತೇನಿಲ್ಲ. ಫೋರ್ಜಾ ಹೊರೈಜನ್ 4ರಲ್ಲೂ ನಿಜವಾದ ಕಾರುಗಳಿವೆ, ಹಾಡುಗಳಿವೆ. 2024ರ ಡಿಸೆಂಬರ್‌ನಲ್ಲಿ ಅದರ ಮಾರಾಟ ನಿಂತಿತು. ಆದರೆ ತಗೊಂಡಿದ್ದವರು ಡೌನ್‌ಲೋಡ್ ಮಾಡಿಕೊಂಡು ಆಡುವುದು ನಿಲ್ಲಲಿಲ್ಲ. ಅಲನ್ ವೇಕ್ ಸಂಗೀತದ ಹಕ್ಕಿನ ಕಾರಣಕ್ಕೆ 2017ರಲ್ಲಿ ಅಂಗಡಿಯಿಂದ ಹೋಯಿತು, ಇದ್ದವರ ಬಳಿ ಹಾಗೇ ಉಳಿಯಿತು, ಮರುವರ್ಷ ಮಾರಾಟಕ್ಕೂ ವಾಪಸ್ ಬಂತು.

ಎಲ್ಲ ಸರ್ವರ್ ಕೋಡ್ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ದುಡ್ಡಿನ ವ್ಯವಹಾರದ ಭಾಗ ಯಾರಿಗೆ ಬೇಕು? ಸತ್ತ ಗೇಮ್‌ನಲ್ಲಿ ಅಂಗಡಿಯೇ ಇರುವುದಿಲ್ಲ. ರ‍್ಯಾಂಕಿಂಗ್ ಬೇಡ, ಮೋಸ ಹಿಡಿಯುವುದೂ ಬೇಡ. ನಾವು ನಾವೇ ಆಡುವಾಗ ಮೋಸ ಮಾಡಿದವನನ್ನು ಹೊರಗೆ ಹಾಕಿದರಾಯಿತು. ಬೇಕಾಗಿರುವುದು ಆಟ ಶುರುವಾಗಿ ಮುಂದಕ್ಕೆ ಹೋಗುವಷ್ಟು ಮಾತ್ರ. ನಾಕ್‌ಔಟ್ ಸಿಟಿ ಅನ್ನುವ ಗೇಮ್ ಮಾಡಿದ ವೆಲಾನ್ ಸ್ಟುಡಿಯೋಸ್ ಭಾರೀ ಕಂಪನಿಯೇನಲ್ಲ. 2023ರ ಜೂನ್‌ನಲ್ಲಿ ಸರ್ವರ್ ಮುಚ್ಚುವಾಗ ಜನರೇ ಸರ್ವರ್ ನಡೆಸಿಕೊಳ್ಳುವ ಆವೃತ್ತಿಯನ್ನು ಕಂಪ್ಯೂಟರ್‌ಗೆ ಪುಕ್ಕಟೆ ಕೊಟ್ಟು ಹೋದರು. ಇಷ್ಟೆಲ್ಲ ಗಲಾಟೆ ಆದ ಮೇಲೆ ಯೂಬಿಸಾಫ್ಟ್ ಕೂಡ 2025ರ ಅಕ್ಟೋಬರ್‌ನಲ್ಲಿ ದ ಕ್ರೂ 2ಗೆ ಆಫ್‌ಲೈನ್ ಆಡುವ ದಾರಿ ಮಾಡಿಕೊಟ್ಟಿತು. ಆಗುವುದಿಲ್ಲ ಅನ್ನುವ ಮಾತು ಇಲ್ಲಿಗೆ ಬಿದ್ದುಹೋಯಿತು ಅಲ್ವಾ?

ನಿಜವಾಗಿ ಆಗದೇ ಇದ್ದರೆ ದುಡ್ಡು ವಾಪಸ್ ಕೊಡಲಿ. ಸೋನಿಯ ಕಾಂಕಾರ್ಡ್ ಗೇಮ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ತಗೊಂಡವರಿಗೆಲ್ಲ ಹಣ ಮರಳಿಸಿದರು. ನೆಟ್ ಮೂಲಕವೇ ಗೇಮ್ ಆಡಿಸುತ್ತಿದ್ದ ಗೂಗಲ್ ಸ್ಟೇಡಿಯಾ 2023ರ ಜನವರಿಯಲ್ಲಿ ಮುಚ್ಚಿದಾಗ ಅಲ್ಲಿ ಕೊಂಡ ಗೇಮ್‌ಗಳ ದುಡ್ಡು ಬಂತು. ಅಲ್ಲಿ ಆಡಲು ಏನೂ ಉಳಿಯಲಿಲ್ಲ, ಆದರೆ ಜನರಿಗೆ ಮೋಸ ಆಗಲಿಲ್ಲ.

ತಂಡದಲ್ಲಿ ಜನ ಇರುವುದಿಲ್ಲ ಅಂದಿರಲ್ಲ, ಅದು ನನಗೂ ಚಿಂತೆಯ ವಿಷಯ. ಹಾಗಾಗಿಯೇ ಇದು ಕೊನೆಯ ದಿನದ ಕೆಲಸ ಆಗಬಾರದು ಅನ್ನುತ್ತೇನೆ. ಗೇಮ್ ಕಟ್ಟುವಾಗಲೇ ಸರ್ವರ್ ವಿಳಾಸ ಬದಲಾಯಿಸಲು ಒಂದು ಜಾಗ ಇಟ್ಟರೆ, ಸೇವ್ ಫೈಲ್ ಆಟಗಾರನ ಹತ್ತಿರವೂ ಒಂದು ಪ್ರತಿ ಇರುವಂತೆ ಮಾಡಿದರೆ, ಕೊನೆಗೆ ಕೆಲಸ ಬಹಳ ಕಡಿಮೆಯಾಗುತ್ತದೆ. ಇದನ್ನು ನಿಮ್ಮಂಥವರು ಒಳಗಿಂದ ಕೇಳಿದರೆ ನಮ್ಮ ಸಹಿಗಳಿಗಿಂತ ಜಾಸ್ತಿ ನಡೆಯುತ್ತದೆ.

ರಾತ್ರಿಪಾಳಿ:

ಶುರುವಿನಲ್ಲೇ ಯೋಚಿಸಿದರೆ ಸುಲಭ ಅನ್ನುವುದನ್ನು ಒಪ್ಪುತ್ತೇನೆ. ಹಳೇ ಗೇಮ್‌ಗಳಿಗೂ ಇದೇ ನಿಯಮ ಹಾಕಿದರೆ ಸಣ್ಣ ತಂಡಗಳು ಮುಳುಗುತ್ತವೆ. ಮುಂದೆ ಬರುವ ಗೇಮ್‌ಗಳಿಗೆ ಅಂದರೆ ನಾನೂ ಸಹಿ ಹಾಕುತ್ತೇನೆ.

ಹಳೆಸರ್ವರ್:

ಯುರೋಪಿನ ಅರ್ಜಿ ಕೇಳುತ್ತಿರುವುದೂ ಮುಂದಿನ ಗೇಮ್‌ಗಳ ಬಗ್ಗೆಯೇ ಅಂತ ಅದನ್ನು ನಡೆಸುವವರೇ ಹೇಳಿದ್ದಾರೆ.

ಹಿಂದಿನಸೀಟು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದೇ ಪ್ರಶ್ನೆ ಉಳಿದಿದೆ: ಮುಂದಿನ ಸಲ ತಗೊಳ್ಳುವಾಗ ನಾನು ಏನು ನೋಡಬೇಕು? ಅಂಗಡಿಯ ಪುಟದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ.

ಹಳೆಸರ್ವರ್:

ಸ್ಟೀಮ್‌ನಲ್ಲಾದರೆ ಪುಟದ ಬಲಗಡೆ ಕೆಳಗೆ ನೋಡಿ. ಬೇರೆ ಕಂಪನಿಯ ಅಕೌಂಟ್ ಬೇಕು ಅಂತಲೋ, ಯಾವ ಡಿಆರ್‌ಎಂ (ನಕಲು ತಡೆಯುವ ಬೀಗ) ಇದೆ ಅಂತಲೋ ಅಲ್ಲಿ ಬರೆದಿರುತ್ತದೆ. ಒಬ್ಬರೇ ಆಡುವ ಗೇಮ್‌ಗೆ ಬೇರೆ ಅಕೌಂಟ್ ಯಾಕೆ ಬೇಕು ಅನ್ನುವ ಅನುಮಾನ ಬಂದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಬೇಡಿ. ಅದೇ ಗೇಮ್ ಜಿಒಜಿ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಇದ್ದರೆ ಅಲ್ಲಿ ತಗೊಳ್ಳಿ. ಅವರು ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತಾರೆ. ಹಾರ್ಡ್ ಡಿಸ್ಕ್‌ಗೆ ಇಳಿಸಿಟ್ಟುಕೊಂಡರೆ ಜಿಒಜಿ ನಾಳೆ ಇರಲಿ ಬಿಡಲಿ, ಇನ್‌ಸ್ಟಾಲ್ ಮಾಡಬಹುದು.

ತಗೊಂಡ ದಿನವೇ ಪರೀಕ್ಷೆ ಮಾಡಿ. ಇನ್‌ಸ್ಟಾಲ್ ಆಗಿ ಒಮ್ಮೆ ತೆರೆದ ಮೇಲೆ ನೆಟ್ ಕಿತ್ತುಹಾಕಿ, ಗೇಮ್ ಮುಚ್ಚಿ ಮತ್ತೆ ತೆರೆಯಿರಿ. ಮೆನು ಬಂದರೆ ಸಾಲದು. ಹೊಸ ಆಟ ಶುರು ಮಾಡಿ, ಸ್ವಲ್ಪ ದೂರ ಹೋಗಿ ಸೇವ್ ಮಾಡಿ, ಆ ಸೇವ್ ಮತ್ತೆ ತೆರೆಯುತ್ತದಾ ನೋಡಿ. ತೆರೆಯದಿದ್ದರೆ ವಾಪಸ್ ಕೊಡಿ. ಸ್ಟೀಮ್‌ನಲ್ಲಿ ತಗೊಂಡು 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಕಾರಣ ಏನೇ ಇರಲಿ ಹಣ ಮರಳಿಸುತ್ತಾರೆ. ಕಾರಣ ಬರೆಯುವ ಜಾಗದಲ್ಲಿ 'ಆಫ್‌ಲೈನ್ ಆಡಲು ಆಗುವುದಿಲ್ಲ' ಅಂತ ತಪ್ಪದೆ ಬರೆಯಿರಿ.