ಮಂಚದ ಕೆಳಗಿನ ಟಿ.ವಿ.ಗೆ ಎರಡು ವರ್ಷ

ಕೇಶವ: ಒಂದು ಸಂಸಾರ, ಮನೆ ಕಟ್ಟಿಸ್ತಾ ಇದೆ ಅಂದ್ಕೊಳ್ಳಿ. ಆಫರ್ ಬಂತು ಅಂತ ದೊಡ್ಡ ಟಿ.ವಿ. ತರಿಸಿಬಿಟ್ಟರು. ಅದನ್ನ ನೇತುಹಾಕೋ ಗೋಡೆ ಇನ್ನೂ ಎದ್ದೇ ಇಲ್ಲ. ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಆರು ತಿಂಗಳಾದ ಮೇಲೆ ಬಿಚ್ಚಿದರೆ ಪರದೆ ಒಡೆದಿದೆ. ಇಂಥವರಿಗೆ ಕಾನೂನಲ್ಲಿ ಏನಾದರೂ ಇದೆಯಾ ವಿಮಲಕ್ಕ, ಇಲ್ಲಾ ಬರೀ ಸಂತಾಪನಾ?

ವಿಮಲಕ್ಕ: ಸಂತಾಪ ಕಸ್ಟಮರ್ ಕೇರ್ ಇಲಾಖೆಗೆ ಸೇರಿದ್ದು. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ರಿಟರ್ನ್ ಅವಧಿ ಮುಗಿದಿದೆ.’ ಆ ಏಳು ದಿನ, ಹತ್ತು ದಿನ ಎಲ್ಲ ಕಂಪನಿ ತಾನೇ ಬರೆದುಕೊಂಡಿದ್ದು. ಕಾಯ್ದೆ ಲೆಕ್ಕ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಕಲಂ ಪ್ರಕಾರ ಗ್ರಾಹಕ ಆಯೋಗಕ್ಕೆ ದೂರು ಕೊಡೋಕೆ ಎರಡು ವರ್ಷ ಇದೆ.

ಕೇಶವ: ಹಾಗಾದ್ರೆ ಇನ್ನೂ ಒಂದೂವರೆ ವರ್ಷ ಮಂಚದ ಕೆಳಗೇ ಇರಲಿ ಬಿಡಿ!

ಸೀನ: ಇಡಪ್ಪ. ಗೆಲ್ಲೋ ಕೇಸನ್ನ ಸೋಲಿಸೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ದೊಡ್ಡ ಪ್ಯಾನಲ್‌ನ ನಿಲ್ಲಿಸಿ ಇಡಬೇಕು, ಮಲಗಿಸಬಾರದು. ಪೆಟ್ಟಿಗೆ ಮೇಲೆ ಬಾಣದ ಗುರುತು ಹಾಕಿರೋದು ಅಲಂಕಾರಕ್ಕಲ್ಲ. ಕಂಪನಿಯವನು ಬಂದು ಮೊದಲು ಕೇಳೋದೇ ‘ಎಲ್ಲಿಟ್ಟಿದ್ರಿ?’ ಅಂತ. ಮಂಚದ ಕೆಳಗೆ ಅಂದರೆ ಅವನ ಮುಖ ಅರಳುತ್ತೆ.

ವಿಮಲಕ್ಕ: ಅಲ್ಲೇ ಇರೋದು ವಿಷಯ. ಕಾಲಮಿತಿ ಉಳಿದಿರುತ್ತೆ, ಸಾಕ್ಷಿ ಉಳಿದಿರಲ್ಲ. ಮಾಲು ಕೈಗೆ ಬಂದಾಗಲೇ ಕೆಟ್ಟಿತ್ತು ಅಂತ ತೋರಿಸೋ ಹೊರೆ ದೂರು ಕೊಟ್ಟವರ ಮೇಲೆ. ತಿಂಗಳು ಕಳೆದಷ್ಟೂ ‘ನೀವೇ ಬೀಳಿಸಿದ್ದೀರಿ’ ಅನ್ನೋ ವಾದಕ್ಕೆ ಬಲ ಬರುತ್ತೆ.

ಕೇಶವ: ನಾನು ಅಂಗಡಿಯವನು ಅಂದ್ಕೊಳ್ಳಿ. ಡೆಲಿವರಿ ದಿನ ‘ಸುಸ್ಥಿತಿಯಲ್ಲಿ ಸ್ವೀಕರಿಸಿದೆ’ ಅಂತ ಸಹಿ ಹಾಕಿದ್ದೀರಿ. ಮುಗೀತಲ್ಲ?

ವಿಮಲಕ್ಕ: ಮುಗಿಯಲ್ಲ. 1930ರ ಸರಕು ಮಾರಾಟ ಕಾಯ್ದೆ, ಕಲಂ 41: ಬಿಚ್ಚಿ ನೋಡೋಕೆ ತಕ್ಕ ಅವಕಾಶ ಸಿಗೋವರೆಗೂ ಕೊಂಡವರು ಮಾಲನ್ನ ಒಪ್ಪಿದ ಹಾಗಲ್ಲ. ಆ ಸಹಿ ಪೆಟ್ಟಿಗೆಗೆ, ಒಳಗಿದ್ದದ್ದಕ್ಕಲ್ಲ. ಸಹಿ ಪಕ್ಕದಲ್ಲಿ ‘ಬಿಚ್ಚಿ ನೋಡಿಲ್ಲ’ ಅಂತ ಒಂದು ಸಾಲು ಗೀಚಿದ್ದರೆ ಇನ್ನೂ ಚೆನ್ನ. ಆದರೆ 42ನೇ ಕಲಮೂ ಇದೆ, ಅದು ನಿನ್ನ ಕಡೆಗೆ. ಬೇಡ ಅಂತ ತಿಳಿಸದೆ ತಕ್ಕಷ್ಟು ಕಾಲ ಇಟ್ಟುಕೊಂಡರೆ ಒಪ್ಪಿದ ಹಾಗೇ. ಆರು ತಿಂಗಳು ಸುಮ್ಮನಿದ್ದವರನ್ನ ಅದರಡಿ ಹಿಡೀಬಹುದು.

ಕೇಶವ: ನೋಡಿದ್ರಾ, ಅಂಗಡಿಯವನು ಗೆದ್ದ.

ವಿಮಲಕ್ಕ: ಅರ್ಧ. ಒಪ್ಪಿದ ಮೇಲೆ ಮಾಲನ್ನ ತಿರಸ್ಕರಿಸೋ ಹಕ್ಕು ಹೋಗುತ್ತೆ, ನಷ್ಟ ಕೇಳೋ ಹಕ್ಕು ಹೋಗಲ್ಲ. ಕಲಂ 13 ಮತ್ತು 59 ಅದಕ್ಕೇ ಇರೋದು. ಅಂಗಡಿಯವರು ಅರ್ಧ ಓದಿ ಗ್ರಾಹಕರಿಗೆ ಪಾಠ ಹೇಳ್ತಾರೆ. ಗ್ರಾಹಕರು ಅಷ್ಟೂ ಓದಿರಲ್ಲ, ತಲೆಯಾಡಿಸಿ ಬರ್ತಾರೆ.

ಸೀನ: ಎರಡು ಥರದ ದೋಷ ಬೇರೆ ಬೇರೆ ಮಾಡಿ ಹೇಳಿ ಅಕ್ಕ. ಪರದೆ ಒಡೆದಿದ್ದರೆ ಬಿಚ್ಚಿದ ಕ್ಷಣ ಕಾಣುತ್ತೆ. ಹಾಗೇ ಹೊಸದಾಗಿ ತರಿಸಿದ ಮಂಚದ ಮರದೊಳಗೆ ಕೊರೆಯೋ ಹುಳ ಇದ್ದರೆ? ಮೊಟ್ಟೆ, ಮರಿ ಒಳಗೇ ಇರುತ್ತೆ. ತಿಂಗಳುಗಟ್ಟಲೆ ಆದ ಮೇಲೆ ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ರಾಗಿ ಹಿಟ್ಟು ಚೆಲ್ಲಿದ ಹಾಗೆ ಪುಡಿ. ಡೆಲಿವರಿ ದಿನ ಭೂತಗನ್ನಡಿ ಹಿಡಿದು ಕೂತರೂ ಕಾಣಲ್ಲ.

ಕೇಶವ: ಮೇಲಿನ ಟಿ.ವಿ.ಗಿಂತ ಮೊದಲು ಮಂಚವೇ ಬಿತ್ತು ಅನ್ನು.

ಸೀನ: ಟಿ.ವಿ. ಕೆಳಗಿತ್ತು ಕಣೋ.

ವಿಮಲಕ್ಕ: ಹುಳದ ಕೇಸು ಒಳ್ಳೇ ಕೇಸು. ಸಾಮಾನ್ಯವಾಗಿ ನೋಡಿದರೆ ಕಾಣಲೇಬೇಕಿದ್ದ ದೋಷಕ್ಕೆ ಕಾನೂನು ಕೈ ಹಿಡಿಯೋದು ಕಡಿಮೆ. ಒಳಗೆ ಅಡಗಿದ್ದ ದೋಷಕ್ಕೆ ‘ಅವತ್ತೇ ಯಾಕೆ ಹೇಳಲಿಲ್ಲ’ ಅಂತ ಕೇಳೋ ಹಾಗಿಲ್ಲ. ಎರಡು ವರ್ಷ ಎಲ್ಲಿಂದ ಎಣಿಸಬೇಕು ಅನ್ನೋದರಲ್ಲಿ ಮಾತ್ರ ಜಗಳ ಬೀಳುತ್ತೆ. ಕಂಡ ದಿನದಿಂದ ಅಂತ ನೀವು, ಕೊಟ್ಟ ದಿನದಿಂದ ಅಂತ ಅವರು. ಆ ಜಗಳಕ್ಕೇ ಇಳಿಯದ ಹಾಗೆ ಡೆಲಿವರಿ ದಿನದಿಂದ ಎಣಿಸಿ ಒಳಗೇ ಹಾಕಿಬಿಡೋದು ಕ್ಷೇಮ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಿ ಅಂತ ಕೇಳಬಹುದು, ಸಿಕ್ಕೇ ಸಿಗುತ್ತೆ ಅಂತಲ್ಲ. ಇನ್ನೊಂದು, ಕಂಪನಿಗೆ ಇಮೇಲ್ ಮೇಲೆ ಇಮೇಲ್ ಕಳಿಸ್ತಾ ಕೂತರೆ ಕಾಲಮಿತಿ ಬೆಳೆಯಲ್ಲ. ಅವರ ‘ಪರಿಶೀಲಿಸುತ್ತಿದ್ದೇವೆ’ಗಳನ್ನ ಎಣಿಸ್ತಾ ಎರಡು ವರ್ಷ ಕಳೆದವರು ಉಂಟು.

ಕೇಶವ: ಸರಿ, ಒಡೆದ ಪರದೆ ಎದುರಿಗಿದೆ. ಮೊದಲು ಅಳಬೇಕಾ, ಫೋನ್ ಮಾಡಬೇಕಾ?

ಸೀನ: ಮುಟ್ಟಬಾರದು. ಹೊರಗೆ ತೆಗೆಯೋದಕ್ಕೆ ಮುಂಚೆ, ಪೆಟ್ಟಿಗೆ ಒಳಗೆ ಹೇಗಿದೆಯೋ ಹಾಗೇ ವಿಡಿಯೋ. ಆರು ಮುಖವೂ, ಟೇಪ್ ಸೀಲೂ, ವಿಳಾಸದ ಚೀಟಿಯೂ, ಸೀರಿಯಲ್ ನಂಬರೂ ಬರಬೇಕು. ಪ್ಲಗ್ ಹಾಕಬೇಡಿ, ಗೋಡೆಗೆ ಏರಿಸಬೇಡಿ, ‘ಅಳವಡಿಸುವಾಗ ಒಡೆದಿರಿ’ ಅಂತಾರೆ. ಒಂದು ಬಿಂದುವಿನಿಂದ ಬಿರುಕು ನಾಲ್ಕೂ ಕಡೆ ಚೆದುರಿದ್ದರೆ ಅಲ್ಲಿ ಏಟು ಬಿದ್ದಿದೆ ಅಂತ ಅರ್ಥ. ಆ ಜಾಗದ ನೇರಕ್ಕೆ ಥರ್ಮಕೋಲ್ ಒತ್ತಿಹೋಗಿದೆಯಾ, ರಟ್ಟು ತಗ್ಗಾಗಿದೆಯಾ ನೋಡಿ. ಆಗಿದ್ದರೆ ಸಾಗಣೆಯಲ್ಲಿ ಆಗಿದ್ದು ಅನ್ನೋಕೆ ಅದು ಒಳ್ಳೆ ಸಾಕ್ಷಿ. ಕೆಲವು ಪೆಟ್ಟಿಗೆಗೆ ಜೋರಾಗಿ ಬಿದ್ದರೆ ಕೆಂಪಗಾಗೋ ಸ್ಟಿಕ್ಕರ್ ಅಂಟಿಸಿರ್ತಾರೆ, ಅದರದ್ದೂ ಫೋಟೋ. ಬಿರುಕೇ ಇಲ್ಲದೆ ಬರೀ ಗೆರೆ ಬರ್ತಿದ್ದರೆ ಬೇರೆ ಕಥೆ, ಅದು ವಾರಂಟಿಗೆ ಹೋಗುತ್ತೆ. ಒಡೆದದ್ದಕ್ಕೆ ವಾರಂಟಿ ಇರಲ್ಲ.

ವಿಮಲಕ್ಕ: ಅದಕ್ಕೇ ದೂರಲ್ಲಿ ‘ವಾರಂಟಿಯಲ್ಲಿ ರಿಪೇರಿ ಮಾಡಿಕೊಡಿ’ ಅಂತ ಬರೆದು ತಾವೇ ಗುಂಡಿಗೆ ಬೀಳಬಾರದು. ‘ಒಡೆದ ಮಾಲು ತಲುಪಿಸಿದ್ದೀರಿ’ ಅಂತಲೇ ಬರೀಬೇಕು. ವಿಡಿಯೋದ ಮೂಲ ಫೈಲು ಫೋನಲ್ಲೇ ಇರಲಿ. ವಾಟ್ಸಾಪಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತೆ, ತೆಗೆದ ಹೊತ್ತಿನ ವಿವರವೂ ಅಳಿಸಿರುತ್ತೆ.

ಕೇಶವ: ರಟ್ಟಿನ ಪೆಟ್ಟಿಗೆ ಹಳೇ ಪೇಪರಿನವನಿಗೆ ಹೋಗಿದ್ದರೆ?

ಸೀನ: ನಿನ್ನ ಮುಖ್ಯ ಸಾಕ್ಷಿಯನ್ನ ತೂಕಕ್ಕೆ ಹಾಕಿದ ಹಾಗೆ.

ಕೇಶವ: ದೂರು ಯಾರ ಮೇಲೆ? ಆ್ಯಪಿನವರು ‘ನಾವು ಬರೀ ವೇದಿಕೆ’ ಅಂತಾರೆ, ಮಾರಿದವರು ‘ಕೊರಿಯರ್‌ನವರು’ ಅಂತಾರೆ, ಕೊರಿಯರ್‌ನವರು ಫೋನೇ ಎತ್ತಲ್ಲ.

ವಿಮಲಕ್ಕ: ಮಾರಿದವರು, ಆ್ಯಪ್, ತಯಾರಕರು, ಮೂವರನ್ನೂ ಸೇರಿಸಿ. ಹೊಣೆ ಯಾರದ್ದು ಅಂತ ಆಯೋಗದ ಮುಂದೆ ಅವರವರೇ ಹೊಡೆದಾಡಲಿ. 2020ರ ಇ-ಕಾಮರ್ಸ್ ನಿಯಮದಲ್ಲಿ ಮಾರಾಟಗಾರರು ದೋಷದ ಮಾಲು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಆ್ಯಪಿನ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದೆ ಅನ್ನಬೇಕು, ತಿಂಗಳೊಳಗೆ ಪರಿಹರಿಸಬೇಕು. ಮೊದಲು ಅವರಿಗೆ ಬರಹದಲ್ಲಿ ಕೊಡಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ. ಅಲ್ಲಿ ಕನ್ನಡವೂ ನಡೆಯುತ್ತೆ. ಎಷ್ಟೋ ಕಂಪನಿಗಳು ಅಲ್ಲಿಗೇ ದಾರಿಗೆ ಬರ್ತವೆ. ಬರದಿದ್ದರೆ ಸರ್ಕಾರದ ಇ-ಜಾಗೃತಿ ಪೋರ್ಟಲಲ್ಲಿ ಜಿಲ್ಲಾ ಆಯೋಗಕ್ಕೆ ದೂರು. ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿ ಇರೋ ಊರಿಗೆ ಓಡಬೇಕಿಲ್ಲ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ವ್ಯಾಪಾರಕ್ಕೆ ಅಂತ ಕೊಂಡ ಮಾಲಾದರೆ ಈ ಬಾಗಿಲು ತೆರೆಯಲ್ಲ, ಹೊಟ್ಟೆಪಾಡಿನ ಸ್ವಂತ ಕಸುಬಿಗಾದರೆ ತೆರೆಯುತ್ತೆ.

ಕೇಶವ: ಮೂರೇ ತಿಂಗಳಲ್ಲಿ ತೀರ್ಪು ಅಂತ ಎಲ್ಲೋ ಓದಿದ್ದೆ.

ವಿಮಲಕ್ಕ: ಮಾಲನ್ನ ಲ್ಯಾಬಿಗೆ ಕಳಿಸಬೇಕಾದರೆ ಐದು. ಕಾಯ್ದೆಯಲ್ಲಿ ಹಾಗೇ ಇದೆ.

ಸೀನ: ನಗಬೇಡಿ ಅಕ್ಕ.

ವಿಮಲಕ್ಕ: ನಗಲಿಲ್ಲಪ್ಪ. ಹಾಂ, ಲಾರಿಯಲ್ಲಿ ಸಾಮಾನು ಸಾಗಿಸಿದವರಿಗೆ ಒಂದು ಎಚ್ಚರಿಕೆ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಸಾಗಣೆದಾರರ ಮೇಲೆ ದಾವೆ ಹಾಕಬೇಕಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಡೆಲಿವರಿ ದಿನದಿಂದ ಅಲ್ಲ. ಮೂಟೆ ಕಟ್ಟಿದ ಹಾಗೇ ಆರು ತಿಂಗಳು ಬಿಟ್ಟವರು ಅಲ್ಲಿ ಹೊರಗುಳೀತಾರೆ.

ಕೇಶವ: ಟೆಕ್ನಿಷಿಯನ್ ಬಂದು ನೋಡ್ತಾನೆ, ಆಮೇಲೆ ಒಂದು ಸಹಿ ಕೇಳ್ತಾನಲ್ಲ? ಅದಂತೂ ನಿರುಪದ್ರವಿ ತಾನೆ?

ಸೀನ: ಓದದೆ ಹಾಕಿದರೆ ಕೆಲಸ ಕೆಡುತ್ತೆ. ಜಾಬ್ ಶೀಟಲ್ಲಿ ‘ಗ್ರಾಹಕರಿಂದ ಹಾನಿ’ ಅಂತ ಸಣ್ಣಕ್ಷರದಲ್ಲಿ ಬರೆದು, ‘ಬರೀ ಬಂದಿದ್ದೆ ಅನ್ನೋದಕ್ಕೆ ಸರ್’ ಅಂತ ಪೆನ್ನು ಚಾಚ್ತಾನೆ. ‘ಇದನ್ನು ಒಪ್ಪಿಲ್ಲ’ ಅಂತ ಬರೆದು, ಅದರ ಕೆಳಗೆ ಸಹಿ ಹಾಕಿ, ಫೋಟೋ ತೆಗೆದುಕೊಂಡು ಕಳಿಸು.

ಕೇಶವ: ಬರೆಯೋಕೆ ಜಾಗ ಇಲ್ಲ ಅಂದರೆ?

ಸೀನ: ಹಾಳೆ ಹಿಂದುಗಡೆ ಖಾಲಿ ಇರುತ್ತೆ.